ಕಾಕಾನ ಸಹಿ, ದಾಸೋಹದ ನೆಲ

ಜಹೀರಾಬಾದ್
8 ಜುಲೈ 2024

ಕಾಕಾ ಅವರಿಗೆ,

ಭವಾನಿಯ ಶರಣು. ನಾನು ಇಲ್ಲಿ ಚೆನ್ನಾಗಿದ್ದೇನೆ. ನೀವೂ ಚೆನ್ನಾಗಿದ್ದೀರಿ ಎಂದು ಅಪ್ಪ ಆಗಾಗ ಹೇಳುತ್ತಿರುತ್ತಾರೆ. ಎರಡು ವರ್ಷ ನಾಲ್ಕು ತಿಂಗಳಲ್ಲಿ ನಿಮಗೆ ಹದಿನಾಲ್ಕು ಸಲ ಫೋನ್ ಮಾಡಿದ್ದೇನೆ, ನೀವು ಒಮ್ಮೆಯೂ ಎತ್ತಲಿಲ್ಲ. ಮೂವತ್ತನಾಲ್ಕು ವರ್ಷ ಪೋಸ್ಟ್ ಮಾಸ್ಟರ್ ಆಗಿದ್ದವರು ಬಂದ ಪತ್ರವನ್ನಾದರೂ ಒಡೆದು ಓದುತ್ತೀರಿ ಎಂದು ನಂಬಿ ಬರೆಯುತ್ತಿದ್ದೇನೆ.

ನಾನು ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಸರ್ಟಿಫಿಕೇಟಿಗೆ ಅರ್ಜಿ ಹಾಕಿದ್ದೇನೆ. ದೊಡ್ಡ ಪರೀಕ್ಷೆ, ನೂರೆಂಬತ್ತು ಪ್ರಶ್ನೆ, ಸುಮಾರು ನಾಲ್ಕು ತಾಸು. ನಮ್ಮ ಕಂಪನಿಗೆ ದೊಡ್ಡ ಗೋದಾಮು ಕಟ್ಟುವ ಕೆಲಸ ಬರುತ್ತಿದೆ. ಅದರ ಮ್ಯಾನೇಜರ್ ಜಾಗ ಈ ಸರ್ಟಿಫಿಕೇಟ್ ಇದ್ದವರಿಗೇ ಎಂದು ಸಾಹೇಬರು ಖಡಾಖಂಡಿತ ಹೇಳಿದ್ದಾರೆ. ಜೊತೆಗೆ ಕೆಲಸ ಮಾಡುವ ಅನಿಲಕುಮಾರನೂ ಓದುತ್ತಿದ್ದಾನೆ. ಎರಡು ವರ್ಷದಿಂದ ಅವನ ತಪ್ಪು ತಿದ್ದುತ್ತಾ ಬಂದಿದ್ದೇನೆ. ಇನ್ನು ಅವನ ಕೈಕೆಳಗೆ ಕೂತು ತಿದ್ದುವುದು ನನ್ನಿಂದ ಆಗದು.

ಪರೀಕ್ಷೆಗೆ ಕೂಡಬೇಕಾದರೆ ಮೂರು ವರ್ಷ ಮುಂದೆ ನಿಂತು ಕೆಲಸ ನಡೆಸಿದ ಅನುಭವ ಬೇಕು. ಇಲ್ಲಿಯದು ಎರಡು ವರ್ಷ ಮೂರು ತಿಂಗಳು ಆಗುತ್ತದೆ. ಉಳಿದದ್ದಕ್ಕೆ ನಮ್ಮ ದಾಸೋಹ ಭವನ ಕಟ್ಟಿಸಿದ ಹನ್ನೊಂದು ತಿಂಗಳನ್ನು ಬರೆದೆ. ಅಲ್ಲಿಗೆ ಸರಿಹೋಗಬೇಕಿತ್ತು. ಆದರೆ ಅವರು ನಡುನಡುವೆ ಯಾವುದಾದರೂ ಅರ್ಜಿ ಎತ್ತಿ ತಪಾಸಣೆ ಮಾಡುತ್ತಾರೆ, ಈ ಸಲ ನನ್ನದೇ ಸಿಕ್ಕಿತು. ನಾನು ಬರೆದದ್ದು ನಿಜ ಎಂದು ದಾಸೋಹ ಕಮಿಟಿಯ ಅಧ್ಯಕ್ಷರು, ಅಂದರೆ ನೀವು, ಸಹಿ ಮಾಡಬೇಕು. ಸೆಪ್ಟೆಂಬರ್ ಮೂವತ್ತು ಕೊನೆಯ ದಿನ. ಸಹಿ ಇಲ್ಲದಿದ್ದರೆ ಅರ್ಜಿಯೇ ರದ್ದು.

ಫಾರ್ಮು ಇಂಗ್ಲಿಷಿನಲ್ಲಿದೆ, ಪಕ್ಕದಲ್ಲಿ ಪೆನ್ಸಿಲಿನಿಂದ ಕನ್ನಡ ಬರೆದಿದ್ದೇನೆ. ಗುರುತು ಹಾಕಿದ ಕಡೆ ಸಹಿ ಮಾಡಿದರೆ ಸಾಕು. ಬೇರೆ ವಿಷಯ ಮಾತಾಡುವ ಅಗತ್ಯವಿಲ್ಲ. ಕಾಕಿಗೆ ಶರಣು ತಿಳಿಸಿರಿ.

ಇಂತಿ,
ಭವಾನಿ


ನಾರಾಯಣಖೇಡ
17 ಜುಲೈ 2024

ಕುಮಾರಿ ಭವಾನಿ ಇವರಿಗೆ,

ಪತ್ರ ಮುಟ್ಟಿತು. ಫೋನ್ ಎತ್ತದಿರುವುದಕ್ಕೆ ನನಗೆ ಕಾರಣಗಳಿವೆ. ಪತ್ರಕ್ಕೆ ಉತ್ತರ ಬರೆಯದಿರುವುದಕ್ಕೆ ಯಾವ ಮನುಷ್ಯನಿಗೂ ಕಾರಣ ಇರಬಾರದು, ಆದ್ದರಿಂದ ಬರೆಯುತ್ತಿದ್ದೇನೆ.

ಫಾರ್ಮನ್ನು ಮೂರು ಸಲ ಓದಿದೆ. ಕನ್ನಡವನ್ನು ನಂಬದೆ ಡಿಕ್ಷನರಿ ಇಟ್ಟುಕೊಂಡು ಇಂಗ್ಲಿಷನ್ನೂ ಓದಿದೆ. ಒಂಬತ್ತು ಸುಳ್ಳು ಸಿಕ್ಕವು. ಎಲ್ಲವನ್ನೂ ಕೆಂಪು ಶಾಯಿಯಿಂದ ತಿದ್ದಿ ವಾಪಸು ಕಳಿಸಿದ್ದೇನೆ. 'ನಲವತ್ತು ಜನರ ತಂಡವನ್ನು ಮುನ್ನಡೆಸಿದೆ' ಎಂದಿದ್ದೀ. ಆ ನಲವತ್ತರಲ್ಲಿ ಹನ್ನೊಂದು ಮಂದಿ ಮಧ್ಯಾಹ್ನದ ಊಟಕ್ಕೆ ಮಾತ್ರ ಬರುತ್ತಿದ್ದವರು, ಅವರನ್ನು ಯಾರೂ ಮುನ್ನಡೆಸಬೇಕಾಗಿರಲಿಲ್ಲ. 'ನಿಗದಿತ ಸಮಯಕ್ಕೆ' ಎಂದಿದ್ದೀ. ನಿಗದಿ ಆರು ತಿಂಗಳು, ಹಿಡಿದದ್ದು ಹನ್ನೊಂದು.

ಎಲ್ಲಕ್ಕಿಂತ ದೊಡ್ಡದು 'ಯಶಸ್ವಿಯಾಗಿ' ಎಂಬ ಮಾತು. ಶಿವರಾತ್ರಿಯ ಮರುದಿನ ಉದ್ಘಾಟನೆಗೆ ಮೊದಲ ಪಂಕ್ತಿ ಕೂತಾಗ ಏನಾಯಿತೆಂದು ಇಡೀ ಓಣಿ ನೋಡಿದೆ. ಪತ್ರಾವಳಿಯಿಂದ ತುಳುಕಿದ ಸಾರು, ಚೆಲ್ಲಿದ ಮಜ್ಜಿಗೆ, ಉರುಳಿದ ಲೋಟದ ನೀರು ಎಲ್ಲವೂ ಒಂದಾಗಿ ಪೂರ್ವದ ಗೋಡೆಯ ಕಡೆ ಹೊರಟವು. ಆ ಗೋಡೆಗೆ ಬೆನ್ನು ಕೊಟ್ಟು ಕೂತವರು ಪೂಜ್ಯರು. ಅವರು ದೊಡ್ಡ ಮನಸ್ಸಿನವರು, ಕಾವಿ ಎತ್ತಿಕೊಂಡು 'ಸಾರು ನಮ್ಮನ್ನ ಹುಡುಕ್ಕೋತ ಬಂದದ ನೋಡ್ರಿ' ಎಂದರು. ಎಲ್ಲರೂ ನಕ್ಕರು. ಆವತ್ತು ನಗು ಬಾರದವನು ನಾನೊಬ್ಬನೇ.

ಸುಳ್ಳಿನ ಕೆಳಗೆ ಸಹಿ ಹಾಕುವ ರೂಢಿ ನನಗಿಲ್ಲ. ತಿದ್ದಿ ಬರೆದು ಕಳಿಸು, ನೋಡೋಣ.

ಗುರುಲಿಂಗ
ಅಧ್ಯಕ್ಷ, ದಾಸೋಹ ಕಮಿಟಿ


ಜಹೀರಾಬಾದ್
24 ಜುಲೈ 2024

ಅಧ್ಯಕ್ಷರಿಗೆ,

ಫಾರ್ಮು ಮೊಹರಮ್ಮಿನ ಹುಲಿಯ ಹಾಗೆ ಬಣ್ಣ ಬಳಿದುಕೊಂಡು ವಾಪಸು ಬಂತು. ಅದನ್ನು ಯಾರಿಗೂ ತೋರಿಸುವ ಹಾಗಿಲ್ಲ. ಹೊಸದು ಇದರ ಜೊತೆ ಇದೆ. ತಂಡ ಇಪ್ಪತ್ತೊಂಬತ್ತಕ್ಕೆ ಇಳಿದಿದೆ. 'ನಿಗದಿತ ಸಮಯಕ್ಕೆ' ತೆಗೆದಿದ್ದೇನೆ. 'ಯಶಸ್ವಿಯಾಗಿ' ಎಂಬುದನ್ನೂ ತೆಗೆದು ಬರೀ 'ಪೂರ್ಣಗೊಂಡಿತು' ಎಂದು ಬರೆದಿದ್ದೇನೆ. ಭವನ ನಿಂತಿದೆ, ಸೂರು ಸೋರುವುದಿಲ್ಲ, ಇಷ್ಟನ್ನಾದರೂ ಒಪ್ಪುತ್ತೀರಿ ಅಂದುಕೊಂಡಿದ್ದೇನೆ.

ಸಾರಿನ ಕಥೆ ನೀವು ಅರ್ಧ ಹೇಳಿದಿರಿ. ಉಳಿದರ್ಧ ನಾನು ಹೇಳುತ್ತೇನೆ. ನಾನು ಹಾಕಿದ ನಕ್ಷೆಯಲ್ಲಿ ಬಾಗಿಲು ಪೂರ್ವಕ್ಕಿತ್ತು, ಕೈ ತೊಳೆಯುವ ಜಾಗವೂ ಅದರ ಹೊರಗೇ ಇತ್ತು. ನೆಲದ ಇಳಿಜಾರು ಅದಕ್ಕೇ ಪೂರ್ವಕ್ಕೆ. ಕೆಳಗಿನ ಕಾಂಕ್ರೀಟು ಹಾಕಿ ಮುಗಿಸಿದ ಮೇಲೆ ನಿಮ್ಮ ಕಣ್ಣಿಗೆ ಒಂದು ವಿಷಯ ಬಿತ್ತು. ಬಾಗಿಲು ಗಿಡ್ಡ, ಹೊರಗೆ ಬರುವವರು ತಲೆ ಬಗ್ಗಿಸಬೇಕು, ಎದುರಿಗೆ ನಿಮಗೆ ಮೊದಲಿನಿಂದಲೂ ಆಗದ ಭೀಮೇಶ ತನ್ನ ಮನೆಯ ಕಟ್ಟೆಯ ಮೇಲೆ ಕೂತಿರುತ್ತಾನೆ. ದಾಸೋಹದಲ್ಲಿ ಉಂಡವರೆಲ್ಲ ಭೀಮೇಶನಿಗೆ ನಮಸ್ಕಾರ ಮಾಡಿಕೊಂಡು ಹೋದ ಹಾಗೆ ಕಾಣುತ್ತದೆ ಎಂದು ನಿಮಗೆ ನಿದ್ದೆ ಹತ್ತಲಿಲ್ಲ. ಬಾಗಿಲನ್ನೇ ಎತ್ತರ ಮಾಡೋಣ ಎಂದೆ, ಕೇಳಲಿಲ್ಲ. ಪೂರ್ವದ ಬಾಗಿಲು ಮುಚ್ಚಿಸಿ ಪಶ್ಚಿಮಕ್ಕೆ ಒಡೆಸಿದಿರಿ. ಬಾಗಿಲಿದ್ದ ಜಾಗಕ್ಕೆ ಪೂಜ್ಯರ ಗದ್ದುಗೆ ಬಂತು. ನೀರಿಗೆ ಈ ಸುದ್ದಿ ಯಾರೂ ಹೇಳಿರಲಿಲ್ಲ, ಅದು ಮೊದಲಿನ ದಾರಿಯಲ್ಲೇ ಹೋಯಿತು.

ನಾನು ಓದುತ್ತಿರುವ ಪುಸ್ತಕದಲ್ಲಿ ಇದಕ್ಕೊಂದು ಇಡೀ ಅಧ್ಯಾಯವಿದೆ. ನಡುವೆ ಯಾರಾದರೂ ಬದಲಾವಣೆ ಕೇಳಿದರೆ ಬರೆಸಿಕೊಳ್ಳಬೇಕು, ಅದರಿಂದ ಏನೇನು ಕೆಡುತ್ತದೆಂದು ನೋಡಬೇಕು, ಆಮೇಲೆ ಒಪ್ಪಬೇಕು. ಇನ್ನೊಂದು ಅಧ್ಯಾಯ ಕೆಲಸ ಕೆಟ್ಟರೆ ಯಾರ್ಯಾರಿಗೆ ಸಿಟ್ಟು ಬರುತ್ತದೋ ಅವರ ಪಟ್ಟಿ ಮಾಡುವುದರ ಬಗ್ಗೆ. ನನ್ನ ಪಟ್ಟಿಯಲ್ಲಿ ಒಂದೇ ಹೆಸರು ಸಾಕಾಗಿತ್ತು.

ಎಲ್ಲರೆದುರು ನೀವು 'ಹುಡಗಿ ಕೈಯಾಗ ಕೆಲಸ ಕೊಟ್ಟಿದ್ದೇ ತಪ್ಪಾತು' ಅಂದಿರಿ. ನಾನು 'ಬಾಗ್ಲಾ ತಿರುಗ್ಸಿದವ್ರು ಯಾರ್ರಿ' ಅಂದೆ. ಅಂದದ್ದಕ್ಕೆ ನನಗೆ ಈಗಲೂ ಪಶ್ಚಾತ್ತಾಪವಿಲ್ಲ. ದಯವಿಟ್ಟು ಸಹಿ ಮಾಡಿರಿ. ಅನಿಲಕುಮಾರ ನಿನ್ನೆ ಪಾಸಾದ, ಆಫೀಸಿನಲ್ಲಿ ಬಾದಾಮ್ ಬರ್ಫಿ ಹಂಚಿದ. ನಾನೂ ಒಂದು ತಿಂದೆ, ರುಚಿ ಹತ್ತಲಿಲ್ಲ.

ಇಂತಿ,
ಭವಾನಿ


ನಾರಾಯಣಖೇಡ
11 ಆಗಸ್ಟ್ 2024

ಮಗಳು ಭವಾನಿಗೆ ನಿನ್ನ ಶಂಕರಮ್ಮ ಕಾಕಿಯ ಆಶೀರ್ವಾದ.

ನಾನು ಪತ್ರ ಬರೆದು ಎಷ್ಟು ವರ್ಷವಾಯಿತೋ. ಇದನ್ನು ಮೂರು ಮಧ್ಯಾಹ್ನ ಕೂತು ಬರೆದಿದ್ದೇನೆ, ಅವರು ಮಲಗಿದಾಗ. ಅವರಿಗೆ ಗೊತ್ತಿಲ್ಲ. ನೀನೂ ಹೇಳಬೇಡ.

ನಿನ್ನ ಎರಡನೆಯ ಪತ್ರ ಬಂದಾಗಿನಿಂದ ಅವರು ದಿನಾ ಬೆಳಿಗ್ಗೆ ಒಂದು ಕೊಡ ನೀರು ಹೊತ್ತುಕೊಂಡು ದಾಸೋಹಕ್ಕೆ ಹೋಗುತ್ತಾರೆ. ಪೂಜೆಗೇನೋ ಅಂದುಕೊಂಡೆ. ಹಿಂದೆಯೇ ಹೋಗಿ ಕಿಟಕಿಯಲ್ಲಿ ಇಣುಕಿದರೆ ನೆಲಕ್ಕೆ ನೀರು ಸುರುವಿ ಅದರ ಹಿಂದೆ ತಾವೂ ನಡೆಯುತ್ತಿದ್ದರು. ಒಂದು ದಿನ ಒಂದು ಮೂಲೆ, ಮರುದಿನ ಇನ್ನೊಂದು ಮೂಲೆ. ಎಲ್ಲಿ ಸುರುವಿದರೂ ನೀರು ಗದ್ದುಗೆಗೇ ಹೋಗುತ್ತದೆ, ಇವರು ಅಲ್ಲಿಯ ತನಕ ಹೋಗಿ ಅದನ್ನು ನೋಡುತ್ತಾ ನಿಲ್ಲುತ್ತಾರೆ. ಭೀಮೇಶ ಕಟ್ಟೆಯ ಮೇಲಿಂದ 'ಮಾಸ್ಟರ್ ಸಾಬ್, ಬೆಳಿ ಹಾಕೀರೇನು' ಎಂದು ಕೇಳಿದನಂತೆ. ಅವತ್ತು ಮನೆಗೆ ಬಂದು ನನ್ನ ಮೇಲೆ ರೇಗಿದರು, ಪಲ್ಯಕ್ಕೆ ಉಪ್ಪು ಹೆಚ್ಚಾಗಿದೆ ಎಂದು. ಉಪ್ಪು ಸರಿಯಾಗಿಯೇ ಇತ್ತು.

ನಿನ್ನ ಫಾರ್ಮಿಗೆ ಕಮಿಟಿಯ ಮೀಟಿಂಗ್ ಕರೆದಿದ್ದಾರೆ. ನಾನು 'ಒಂದು ಸಹಿಗಿ ಇಷ್ಟ್ಯಾಕ್ರಿ, ಮಾಡಿ ಕಳಸ್ರಿ, ಕೂಸಿನ ನೌಕರಿ ಅದ' ಅಂದೆ. ಅವರು ಕೊಡ ಎತ್ತಿಕೊಂಡು ಹೊರಟರು. ಲಾಕ್‌ಡೌನಿನಲ್ಲಿ ನೀನು ಕೆಲಸ ಹೋಗಿ ಮನೆಯ ಮೂಲೆ ಹಿಡಿದು ಕೂತಿದ್ದಾಗ, ಇಂಜಿನಿಯರ್ ಬೇಡ, ಮೇಸ್ತ್ರಿ ಸಾಕು ಎಂದ ಕಮಿಟಿಯ ಜೊತೆ ಜಗಳವಾಡಿ ನಿನಗೆ ಆ ಕೆಲಸ ಕೊಡಿಸಿದವರು ಅವರೇ. ನಿನಗೆ ಇದು ಗೊತ್ತಿರಲಿಕ್ಕಿಲ್ಲ. ಗೊತ್ತಿರಲಿ ಎಂದು ಬರೆದೆ.

ನೀನಿಲ್ಲದೆ ಮನೆ ಬಹಳ ಬೇಸರ. ಜೋಳದ ಹಪ್ಪಳ ಕಳಿಸುತ್ತೇನೆ, ಯಾರಾದರೂ ಆ ಕಡೆ ಬಂದರೆ.

ನಿನ್ನ ಕಾಕಿ


ನಾರಾಯಣಖೇಡ
20 ಆಗಸ್ಟ್ 2024

ಚಿ. ಭವಾನಿಗೆ,

ಮೊನ್ನೆ ರವಿವಾರ ಕಮಿಟಿ ಸೇರಿತ್ತು. ಐವರೂ ಬಂದಿದ್ದರು. ಫಾರ್ಮನ್ನು ನಾನೇ ಓದಿ ಅರ್ಥ ಹೇಳಿದೆ. ಮೊದಲ ಒಂದು ತಾಸು 'ನಿರ್ವಹಿಸಿದರು' ಎಂಬ ಮಾತಿನ ಮೇಲೆಯೇ ಹೋಯಿತು. ನೀರು ಹೊಡೆದವರು ಯಾರು, ಸಿಮೆಂಟು ಚೀಲ ಕಾದವರು ಯಾರು, ಪ್ರತಿಯೊಬ್ಬರಿಗೂ ಭವನವನ್ನು ತಾವೇ ನಿರ್ವಹಿಸಿದ ನೆನಪು. ಮೂರು ಸಲ ಚಹಾ ಆದ ಮೇಲೆ, ನಿರ್ವಹಿಸಿದವಳು ನೀನೇ ಎಂದು ಒಪ್ಪಿದರು.

ಆಮೇಲೆ ನೆಲದ ವಿಷಯ ಬಂತು. 'ಮ್ಯಾನೇಜರರ ಅಲಕ್ಷ್ಯದಿಂದ ನೆಲದ ಇಳಿಜಾರು ತಪ್ಪಾಯಿತು' ಎಂಬ ಒಂದು ಸಾಲು ಸೇರಿಸಿದರೆ ಸಹಿ ಮಾಡಬಹುದು ಎಂದು ನಾಲ್ಕು ಕೈ ಎದ್ದವು. ವಿರೋಧಿಸಿದವನು ಭೀಮೇಶ ಒಬ್ಬನೇ. ಅವನನ್ನು ಹೋದ ವರ್ಷ ಕಮಿಟಿಗೆ ತೆಗೆದುಕೊಂಡಿದ್ದೇವೆ, ಹೊರಗಿದ್ದಾಗ ಇನ್ನೂ ಹೆಚ್ಚು ಮಾತಾಡುತ್ತಿದ್ದ. ನಿನ್ನ ಪರ ನಿಂತವನು ಅವನೊಬ್ಬನೇ ಎಂಬುದನ್ನು ನೀನು ಯೋಚನೆ ಮಾಡಬೇಕು.

ಆ ಸಾಲು ಬರೆದು ಕಳಿಸಿದ ದಿನವೇ ಸಹಿ ಮಾಡುತ್ತೇನೆ. ಬರೆಯದಿದ್ದರೆ ಆಗದು.

ಗುರುಲಿಂಗ


ಜಹೀರಾಬಾದ್
12 ಸೆಪ್ಟೆಂಬರ್ 2024

ಕಾಕಾ,

ಇಷ್ಟು ದಿನ ಬರೆಯಲಿಲ್ಲ. ನಿಮ್ಮ ಪತ್ರ ಓದಿ ಮೈಯೆಲ್ಲ ಉರಿಯಿತು. ಗೋದಾಮಿನ ಕೆಲಸ ಅನಿಲಕುಮಾರನಿಗೆ ಹೋಯಿತು, ಹೋದ ವಾರ ಸಾಹೇಬರು ಹೇಳಿದರು. ಚಳಿಗಾಲದಲ್ಲಿ ಇನ್ನೊಂದು ಕೆಲಸ ಬರುತ್ತದೆ, ಅಷ್ಟರಲ್ಲಿ ಸರ್ಟಿಫಿಕೇಟ್ ತಂದರೆ ಅದು ನಿನಗೆ ಅಂದರು. ಅಂದರೆ ನನಗೆ ಉಳಿದಿರುವುದು ಇದೊಂದೇ ದಾರಿ, ಆ ದಾರಿಯಲ್ಲಿ ನೀವು ಅಡ್ಡ ಕೂತಿದ್ದೀರಿ.

ಅಲಕ್ಷ್ಯ ನನ್ನದಲ್ಲ, ಬಾಗಿಲು ತಿರುಗಿಸಿದ್ದು ನೀವು ಎಂದು ಸಾಕ್ಷಿ ಬರೆಸಿಕೊಂಡು ಬಂದು ಕಮಿಟಿಯ ಮುಂದೆ ಇಡುತ್ತೇನೆ ಎಂದು ಹೊರಟೆ. ರವಿವಾರ ತಾಂಡೂರಿಗೆ ಹೋದೆ. ನಮ್ಮ ನೆಲಕ್ಕೆ ಕಲ್ಲು ಹಾಸಿದ ಧಮ್ಮಪಾಲ ಮೇಸ್ತ್ರಿ ಅಲ್ಲೇ ಪಾಲಿಶ್ ಶೆಡ್ಡಿನಲ್ಲಿ ಸಿಕ್ಕ. ಮೈಮೇಲೆಲ್ಲ ಕಲ್ಲಿನ ಹಿಟ್ಟು, ಗುರುತೇ ಹತ್ತಲಿಲ್ಲ. ಚಹಾ ತರಿಸಿದ. ಕಾಗದ ಮುಂದಿಟ್ಟು, ಆದದ್ದು ಆದ ಹಾಗೆ ಹೇಳು, ಬರೆದುಕೊಳ್ಳುತ್ತೇನೆ ಅಂದೆ.

ಅವನು ಬಾಗಿಲ ಕಥೆ ಎಲ್ಲಾ ಹೇಳಿದ. ನಾನು ಖುಷಿಯಿಂದ ಬರೆದುಕೊಂಡೆ. ಆಮೇಲೆ ಅವನು ನನ್ನ ಮುಖ ನೋಡಿ, 'ಅಕ್ಕೋರೆ, ಕಲ್ಲು ಕೂಡ್ಸೂದ್ಕಿಂತ ಮೊದ್ಲೇ ನಿಮಗ ಹೇಳಿದ್ನಲ್ರಿ, ನೀರು ಗದ್ದಗಿ ಕಡಿ ಹೋಗ್ಲತದ ಅಂತ. ನೀವು ಏನಂದ್ರಿ, ನೆನಪದೇನು' ಎಂದು ಕೇಳಿದ.

ನೆನಪಿದೆ, ಕಾಕಾ. ಅವನು ಪೈಪಿನಲ್ಲಿ ನೀರು ತುಂಬಿಸಿ ಮಟ್ಟ ಹಿಡಿದು ತೋರಿಸಿದ್ದ. ಎರಡು ದಿನದ ಕೆಲಸ, ಸಿಮೆಂಟಿನ ಗಾರೆ ದಪ್ಪ ಮಾಡಿ ಇಳಿಜಾರು ತಿರುಗಿಸಬಹುದಿತ್ತು. ಅಂದು ಬೆಳಿಗ್ಗೆಯಷ್ಟೇ ಬಾಗಿಲಿನ ಬಗ್ಗೆ ಮೂರನೆಯ ಸಲ ನೀವು ಬೈದಿದ್ದಿರಿ. ನೀವು ಹತ್ತು ಹೆಜ್ಜೆ ಆಚೆ ಬೇವಿನ ನೆರಳಿಗೆ ಕೂತಿದ್ದಿರಿ. ಬಂದು ಹೇಳಬೇಕಿತ್ತು. ನಾನು ಧಮ್ಮಪಾಲನಿಗೆ 'ಹಂಗೇ ಇರ್ಲಿ ಬಿಡು, ಅವ್ರು ಹೇಳಿದಂಗೇ ಆಗ್ಲಿ, ಆವತ್ತು ತಿಳೀತದ ಅವ್ರಿಗಿ' ಅಂದೆ.

ಸ್ವಲ್ಪ ಹೆದರಿಕೆಯಿತ್ತು, ಬಹಳಷ್ಟು ಸಿಟ್ಟಿತ್ತು. ನಿಮಗೆ ನಾಲ್ಕು ಜನರ ಮುಂದೆ ಅವಮಾನವಾಗಲಿ ಎಂದೇ ಬಿಟ್ಟೆ. ಆಯಿತು. ಎರಡೂವರೆ ವರ್ಷ ಆ ಮಾತನ್ನು ನನಗೆ ನಾನೇ ಮರೆಸಿಕೊಂಡು ನಿಮ್ಮ ಬಾಗಿಲನ್ನೇ ಎಲ್ಲರಿಗೂ ಹೇಳುತ್ತಾ ಬಂದೆ. ಶೆಡ್ಡಿನಲ್ಲಿ ಕೂತು ನನಗೆ ತುಂಬಾ ನಾಚಿಕೆಯಾಯಿತು. ಚಹಾ ಅರ್ಧಕ್ಕೇ ಬಿಟ್ಟು ಬಸ್ಸು ಹತ್ತಿದೆ.

ಕಮಿಟಿಯ ಸಾಲು ತಪ್ಪು. ಅದು ಅಲಕ್ಷ್ಯ ಅಲ್ಲ. ಹೊಸ ಫಾರ್ಮಿನಲ್ಲಿ ನಾನು ಬರೆದಿರುವುದು ಹೀಗಿದೆ: 'ಇಳಿಜಾರು ತಪ್ಪಿದೆ ಎಂದು ಮ್ಯಾನೇಜರಿಗೆ ಮೊದಲೇ ಗೊತ್ತಿತ್ತು. ಅಧ್ಯಕ್ಷರಿಗೆ ತಿಳಿಸಲಿಲ್ಲ.' ಇದನ್ನು ಓದಿದ ಮೇಲೆ ಅವರು ನನ್ನನ್ನು ಪರೀಕ್ಷೆಗೆ ಕೂಡಿಸುತ್ತಾರೋ ಇಲ್ಲವೋ ಗೊತ್ತಿಲ್ಲ. ನಿಮಗೆ ಸಹಿ ಮಾಡುವ ಮನಸ್ಸಿಲ್ಲದಿದ್ದರೆ ಮಾಡಬೇಡಿರಿ. ತಪ್ಪಾಯಿತು, ಕಾಕಾ.

ಭವಾನಿ


ನಾರಾಯಣಖೇಡ
21 ಸೆಪ್ಟೆಂಬರ್ 2024

ಭವಾನಿ,

ಫಾರ್ಮು ಇದರ ಜೊತೆ ಇದೆ. ಸಹಿ ಮಾಡಿದ್ದೇನೆ, ಸ್ಪೀಡ್ ಪೋಸ್ಟಿನಲ್ಲಿ ನಾನೇ ಹೋಗಿ ಹಾಕುತ್ತೇನೆ.

ನಿನ್ನ ಪತ್ರ ಓದಿ ಎರಡು ದಿನ ವಿಪರೀತ ಸಿಟ್ಟು ಬಂತು. ಪೂಜ್ಯರ ಮುಂದೆ ನನ್ನ ಮುಖ ಸಣ್ಣದಾದದ್ದು ನೀನು ಬೇಕೆಂದೇ ಮಾಡಿದ್ದು ಎಂದು ತಿಳಿದರೆ ಸಿಟ್ಟು ಬಾರದೇ ಇರುತ್ತದೆಯೇ. ಬೈದು ಮೂರು ಪುಟ ಬರೆದೆ, ಹರಿದು ಹಾಕಿದೆ. ಮೂರನೆಯ ದಿನ ನನಗೆ ಬೇರೆ ಒಂದು ಯೋಚನೆ ಬಂತು. ನನ್ನ ತೊಡೆಯ ಮೇಲೆ ಕೂತು ಅಕ್ಷರ ಕಲಿತ ಹುಡುಗಿ. ಲಕೋಟೆಯ ಮೇಲಿನ ವಿಳಾಸಗಳನ್ನು ಓದುತ್ತಾ, ನಾನು ತಪ್ಪು ಓದಿದರೆ ನನ್ನನ್ನೇ ತಿದ್ದುತ್ತಿದ್ದವಳು. ಅವಳಿಗೆ ಹತ್ತು ಹೆಜ್ಜೆ ನಡೆದು ಬಂದು ಒಂದು ಮಾತು ಹೇಳಲು ಆಗಲಿಲ್ಲ ಎಂದರೆ, ಬೇವಿನ ಕೆಳಗೆ ಕೂತಿದ್ದವನು ಎಂಥವನಿರಬೇಕು?

ಅವಳು ಬಂದು ಹೇಳಿದ್ದರೆ ನಾನು ಕೇಳುತ್ತಿದ್ದೆನೇ ಎಂದು ನಿನ್ನ ಕಾಕಿಯನ್ನು ಕೇಳಿದೆ. ರೊಟ್ಟಿ ಬಡಿಯುತ್ತಿದ್ದಳು. ತಲೆ ಕೂಡ ಎತ್ತದೆ 'ಇಲ್ಲ' ಎಂದಳು. ಸ್ವಲ್ಪವಾದರೂ ಯೋಚನೆ ಮಾಡುತ್ತಾಳೆ ಅಂದುಕೊಂಡಿದ್ದೆ.

ಆದ್ದರಿಂದ ನಿನ್ನ ಎರಡು ಸಾಲಿನ ಕೆಳಗೆ ನಾನು ಎರಡು ಸಾಲು ಸೇರಿಸಿದ್ದೇನೆ. 'ಅಧ್ಯಕ್ಷರು ಕೆಲಸದ ನಡುವೆ ಸಲ್ಲದ ಕಾರಣಕ್ಕೆ ಬಾಗಿಲು ಬದಲಾಯಿಸಿದರು. ಅವರಿಗೆ ಏನನ್ನಾದರೂ ತಿಳಿಸುವುದು ಯಾರಿಗೂ ಸುಲಭವಿರಲಿಲ್ಲ.' ಇಂಗ್ಲಿಷಿನಲ್ಲಿ ನಾನೇ ಬರೆದದ್ದು. ತಪ್ಪಿದ್ದರೆ ತಿದ್ದಬೇಡ, ಅದರ ಕೆಳಗೆ ನನ್ನ ಸಹಿ ಇದೆ.

ಕೊನೆಯ ಪುಟದಲ್ಲಿ ಒಂದು ಪ್ರಶ್ನೆ ಇತ್ತು, ಇವರಿಗೆ ಮತ್ತೊಂದು ಕೆಲಸ ಕೊಡುವಿರಾ ಎಂದು. ಹೌದು ಎಂದು ಬರೆದೆ. ಬರೆದ ಮೇಲೆ ಕೊಡಲೇಬೇಕಲ್ಲ. ಕಮಿಟಿಗೆ ಹೇಳಿದ್ದೇನೆ, ಸಂಕ್ರಾಂತಿ ಆದ ಮೇಲೆ ಆ ನೆಲ ಕಿತ್ತು ಹೊಸದಾಗಿ ಹಾಕಿಸುವುದು. ಬೇರೆ ಯಾರನ್ನಾದರೂ ನೋಡೋಣ ಎಂದರು, ನಾನು ಒಪ್ಪಲಿಲ್ಲ. ನೀನು ಪಾಸಾದರೂ ಸರಿ, ಫೇಲಾದರೂ ಸರಿ. ರಜೆ ಸಿಗುತ್ತದೋ ನೋಡಿ ಬರೆ.

ನಿನ್ನ ಕಾಕಾ


ಜಹೀರಾಬಾದ್
16 ಡಿಸೆಂಬರ್ 2024

ಕಾಕಾ, ಕಾಕಿ, ಇಬ್ಬರಿಗೂ ಭವಾನಿಯ ಶರಣು.

ಪಾಸಾದೆ. ತಪಾಸಣೆ ಅಕ್ಟೋಬರಿನಲ್ಲೇ ಮುಗಿದಿತ್ತು. ನಮ್ಮ ನಾಲ್ಕು ಸಾಲು ಓದಿ ಅವರು ಏನಂದುಕೊಂಡರೋ ಗೊತ್ತಿಲ್ಲ, ಅರ್ಜಿ ಸರಿಯಾಗಿದೆ ಎಂದು ಒಂದೇ ವಾಕ್ಯ ಬರೆದರು. ಪರೀಕ್ಷೆ ಮೊನ್ನೆ ಏಳನೆಯ ತಾರೀಕು ಆಯಿತು. ಮನೆಯಲ್ಲೇ ಕಂಪ್ಯೂಟರಿನ ಮುಂದೆ ಕೂಡಬೇಕು, ಯಾರೋ ಕ್ಯಾಮೆರಾದಲ್ಲಿ ನಮ್ಮನ್ನೇ ನೋಡುತ್ತಿರುತ್ತಾರೆ. ಕೆಲಸ ಮಾಡಿಸುವವರು ನಡುವೆ ದೊಡ್ಡ ಬದಲಾವಣೆ ಕೇಳಿದರೆ ಮ್ಯಾನೇಜರ್ ಮೊದಲು ಏನು ಮಾಡಬೇಕು ಎಂದು ಒಂದು ಪ್ರಶ್ನೆ ಬಂತು. ನನಗೆ ನಗು ತಡೆಯಲಾಗಲಿಲ್ಲ. ಕ್ಯಾಮೆರಾದವರು ಎಚ್ಚರಿಕೆ ಕೊಟ್ಟರು. ಉತ್ತರ ಸರಿ ಬರೆದೆ ಅನ್ನಿಸುತ್ತದೆ.

ಚಳಿಗಾಲದ ಕೆಲಸ ನನಗೇ ಕೊಟ್ಟಿದ್ದಾರೆ, ಫೆಬ್ರವರಿಯಲ್ಲಿ ಶುರು. ಜನವರಿ ಹದಿನೇಳರಿಂದ ಮೂರು ವಾರ ರಜೆ ಕೇಳಿದೆ, ಸಿಕ್ಕಿತು. ತಾಂಡೂರಿಗೆ ಹೋಗಿ ಧಮ್ಮಪಾಲನನ್ನು ಒಪ್ಪಿಸಿದ್ದೇನೆ. ಅವನು, ಈ ಸಲ ಏನಾದರೂ ಕಂಡರೆ ಅಕ್ಕೋರೆ ನಿಮಗೂ ಹೇಳುತ್ತೇನೆ, ಅಧ್ಯಕ್ಷರಿಗೂ ಹೇಳುತ್ತೇನೆ, ಇಬ್ಬರಿಂದಲೂ ಬೈಸಿಕೊಳ್ಳುತ್ತೇನೆ ಎಂದ.

ಕೆಲಸ ಶುರುವಾಗುವ ಮೊದಲು ಒಂದು ಪುಟದಲ್ಲಿ ಎಲ್ಲ ಬರೆದು ಸಹಿ ಹಾಕಿಸಿಕೊಳ್ಳಬೇಕು ಎಂದು ಕಲಿತಿದ್ದೇನೆ. ಆ ಪುಟ ಇದರ ಜೊತೆ ಇದೆ. ಕೆಲಸ ಏನು, ಎಷ್ಟು ದಿನ, ಅಡ್ಡಿ ಏನು ಬರಬಹುದು ಎಂದೆಲ್ಲ ಬರೆದಿದ್ದೇನೆ. ಅಡ್ಡಿಗಳಲ್ಲಿ ಮೊದಲನೆಯದು ಕಲ್ಲು ತಡವಾಗಿ ಬರುವುದು, ಎರಡನೆಯದು ಮದುವೆಗಳಿಗೆ ಭವನ ಕೇಳುವವರು. ಮೂರನೆಯದು, ಏನೋ ತಪ್ಪಾಗುತ್ತಿದೆ ಎಂದು ಗೊತ್ತಾಗಿಯೂ ಒಬ್ಬರು ಇನ್ನೊಬ್ಬರಿಗೆ ಹೇಳದಿರುವುದು. ಅದರ ಮುಂದೆ ಪರಿಹಾರ ಬರೆಯಬೇಕು. 'ಅದೇ ದಿನ, ಎದುರಿಗೆ ಕೂತು ಹೇಳುವುದು. ಕೇಳದಿದ್ದರೆ ಮತ್ತೊಮ್ಮೆ ಹೇಳುವುದು' ಎಂದು ಬರೆದೆ.

ಅದರ ಪಕ್ಕ ಹೊಣೆ ಯಾರದು ಎಂಬ ಜಾಗವಿದೆ. ಅಲ್ಲಿ ಒಂದೇ ಹೆಸರು ಬರೆಯಬೇಕು ಎಂದು ಪುಸ್ತಕದಲ್ಲಿದೆ. ನಾನು ಇಬ್ಬರದೂ ಬರೆದಿದ್ದೇನೆ.

ನಿಮ್ಮ
ಭವಾನಿ